ನೀರು, ಬಿಸಿಲು ಮತ್ತು ಒಂದು ಸಸ್ಪೆನ್ಸ್ ಅಕೌಂಟ್

ನಮ್ಮ ಮನೆ ಇರುವುದು ಡೊಂಬಿವಲಿ ಎಂಐಡಿಸಿಯ ರೆಸಿಡೆನ್ಶಿಯಲ್ ಝೋನ್‌ನಲ್ಲಿ. ಹೆಸರಿಗೆ ರೆಸಿಡೆನ್ಶಿಯಲ್ ಅಷ್ಟೇ, ಗಾಳಿ ಈ ಕಡೆ ತಿರುಗಿದರೆ ಫ್ಯಾಕ್ಟರಿಗಳೆಲ್ಲ ಮನೆಯೊಳಗೇ ಬಂದು ಕೂತಂತಿರುತ್ತದೆ. 1990ರಲ್ಲಿ ಕುಮಟಾದಿಂದ ಒಂದು ಟ್ರಂಕು, ಒಂದು ಬಿ.ಕಾಂ. ಸರ್ಟಿಫಿಕೇಟು ಹಿಡಿದುಕೊಂಡು ಬಂದವನು ನಾನು. ಈ ಮೂವತ್ತೈದು ವರ್ಷಗಳಲ್ಲಿ ಮೂಗಿಗೇ ಒಂದಿಷ್ಟು ಕೆಮಿಸ್ಟ್ರಿ ಬಂದುಬಿಟ್ಟಿದೆ. 2020ರ ಫೆಬ್ರವರಿಯಲ್ಲಿ ಇಲ್ಲಿಯ ಒಂದು ರಸ್ತೆ ಗುಲಾಬಿ ಬಣ್ಣಕ್ಕೆ ತಿರುಗಿ ಪೇಪರಿನಲ್ಲೆಲ್ಲ ಬಂದಿತ್ತು, ನೀವೂ ಓದಿರಬಹುದು. 2016ರ ಮೇ 26ರ ಸ್ಫೋಟದಲ್ಲಿ ನಮ್ಮ ಕಿಟಕಿಯ ಗಾಜು ಹೋಯಿತು. 2024ರ ಮೇ 23ರಂದು ಮತ್ತೆ ಒಂದು.

ಆ ಎರಡನೆಯದರ ದಿನ ನನ್ನ ತಮ್ಮನ ಮಗ ಫೇಸ್ ಟೂನಲ್ಲಿ, ಬಣ್ಣದ ಕಚ್ಚಾ ಮಾಲು ಮಾಡುವ ಒಂದು ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದ. ಮೂರು ತಾಸು ಫೋನ್ ಹತ್ತಲಿಲ್ಲ. ಸಂಜೆ ಮೈತುಂಬ ಧೂಳು ಹೊತ್ತುಕೊಂಡು ನಡೆದೇ ಬಂದ. "ಭಾವ, ಈ ಕೆಲಸ ಬಿಡು ಅಂತ ನೀವೇ ಹೇಳಿ ಅವನಿಗೆ" ಎಂದಳು ತಮ್ಮನ ಹೆಂಡತಿ. ಹೇಳುವ ಪ್ರಮೇಯವೇ ಬರಲಿಲ್ಲ. ಅವನೇ ಬಿಡುತ್ತೇನೆಂದ. ಆದರೆ ಬೇರೆ ನೌಕರಿಗಲ್ಲ, ಪಿಎಚ್.ಡಿ. ಮಾಡಲಿಕ್ಕೆ! ಬಿಸಿಲು ಬಿದ್ದರೆ ಕೆಲಸ ಮಾಡುವ ಕ್ಯಾಟಲಿಸ್ಟ್ ಬಳಸಿ ನೀರಿನಿಂದ ಜಲಜನಕ ತೆಗೆಯುವುದಂತೆ. ಫ್ಲ್ಯಾಟಿನ ಇಎಂಐ ಅವನ ಹೆಸರಿನಲ್ಲಿದೆ. ಹಾಗಾಗಿ ಅವನ ತಲೆಯಿಂದ ಇದನ್ನು ತೆಗೆಯುವ ಕೆಲಸ ಬ್ಯಾಂಕಿನ ದೊಡ್ಡಪ್ಪನಾದ ನನ್ನ ಪಾಲಿಗೆ ಬಂತು.

ನನಗೆ ಈ ವಿಷಯದಲ್ಲಿ ಮೊದಲೇ ಸಂಶಯ. ನನ್ನ ಸರ್ವೀಸಿನಲ್ಲಿ "ನೀರಿನಿಂದ ಓಡುವ ಗಾಡಿ"ಗೆ ಸಾಲ ಕೇಳಿಕೊಂಡು ಇಬ್ಬರು ಬಂದಿದ್ದರು. ಇಬ್ಬರಿಗೂ ಚಹಾ ಕುಡಿಸಿ ಕಳಿಸಿದ್ದೆ. ನೀರು ಇಂಧನವಲ್ಲ. ಜಲಜನಕ ಉರಿದ ಮೇಲೆ ಉಳಿಯುವ ಬೂದಿ ಅದು. ಬೂದಿಯನ್ನು ಮತ್ತೆ ಕಟ್ಟಿಗೆ ಮಾಡಬೇಕೆಂದರೆ, ಉರಿದಾಗ ಬಂದಷ್ಟು ಶಕ್ತಿಯನ್ನು ಯಾರಾದರೂ ವಾಪಸು ಕೊಡಲೇಬೇಕು. ಅದನ್ನು ಬಿಸಿಲು ಕೊಡುತ್ತದೆ ಎನ್ನುವುದೇ ಇವರ ವಾದ. ಸರಿ, ಬೈಯುವ ಮೊದಲು ಓದೋಣವೆಂದು ಕೂತೆ. (ಬಿ.ಕಾಂ. ಓದಿದವನ ವಿಜ್ಞಾನ ಇದು, ಎಡವಿದರೆ ಕೆಮಿಸ್ಟ್ರಿಯವರು ನಗಬಹುದು.)

1800ರಲ್ಲಿ ಲಂಡನ್ನಿನಲ್ಲಿ ನಿಕೋಲ್ಸನ್ ಮತ್ತು ಕಾರ್ಲೈಲ್ ಬ್ಯಾಟರಿಯಿಂದ ನೀರನ್ನು ಒಡೆದು ತೋರಿಸಿದ್ದರು. 1874ರಲ್ಲಿ ಜೂಲ್ ವರ್ನ್ ತನ್ನ ಕಾದಂಬರಿಯ ಎಂಜಿನಿಯರನ ಬಾಯಲ್ಲಿ, ಮುಂದೊಂದು ದಿನ ನೀರೇ ಕಲ್ಲಿದ್ದಲಾಗುತ್ತದೆ ಎಂದು ಹೇಳಿಸಿದ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದವನು ಇಟಲಿಯ ಚಾಮಿಚಿಯಾನ್. ಬೊಲೊನ್ಯಾದ ಪ್ರೊಫೆಸರ್, ಬಾಟಲಿಗಳಲ್ಲಿ ರಾಸಾಯನಿಕ ತುಂಬಿ ಬಿಸಿಲಿಗಿಟ್ಟು ಕಾಯುತ್ತಿದ್ದ ಮನುಷ್ಯ. 1912ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ಭಾಷಣ ಮಾಡಿದ. ಕಲ್ಲಿದ್ದಲು ಮುಗಿಯುವಂಥದ್ದು, ಮುಂದೆ ಮರುಭೂಮಿಗಳಲ್ಲಿ ಗಾಜಿನ ಕೊಳವೆಗಳ ಕಾರ್ಖಾನೆಗಳು ಏಳುತ್ತವೆ, ಅವುಗಳಿಗೆ ಹೊಗೆಯೂ ಇಲ್ಲ, ಚಿಮಣಿಯೂ ಇಲ್ಲ ಎಂಬುದು ಅದರ ಸಾರಾಂಶ. ನಮ್ಮ ಬಾಲ್ಕನಿಯಿಂದ ಎಷ್ಟು ಚಿಮಣಿ ಕಾಣುತ್ತವೆ ಎಂದು ಆ ರಾತ್ರಿ ಎಣಿಸಿದೆ. ಆ ಲೆಕ್ಕ ಬೇಡ ಬಿಡಿ.

ಮುಂದಿನ ಕಥೆ ಗೋಡೆಯ ಪೇಂಟಿನಿಂದ ಬರುತ್ತದೆ. ಬಿಳಿ ಪೇಂಟಿಗೆ ಹಾಕುವ ಟೈಟೇನಿಯಂ ಡೈಆಕ್ಸೈಡ್ ಎಂಬ ಪುಡಿಯಲ್ಲಿ ಒಂದು ದೋಷವಿತ್ತು. ಬಿಸಿಲು ಬಿದ್ದಲ್ಲೆಲ್ಲ ಪೇಂಟು ಸುಣ್ಣದ ಹಾಗೆ ಕೈಗೆ ಹತ್ತುತ್ತಿತ್ತು. ಬೆಳಕು ತಾಗಿದಾಗ ಆ ಪುಡಿ ತನ್ನ ಸುತ್ತಲಿನ ಅಂಟನ್ನು ತಾನೇ ತಿಂದುಹಾಕುತ್ತಿತ್ತು. ಅದು ಬಣ್ಣಗಳನ್ನೂ ಮಾಸಿಸುತ್ತದೆ ಎಂದು 1938ರಲ್ಲೇ ಲಂಡನ್ನಿನ ಗುಡೀವ್ ಮತ್ತು ಕಿಚನರ್ ಬರೆದರು. ಪೇಂಟ್ ಕಂಪನಿಗಳು ಪುಡಿಯ ಕಣಕಣಕ್ಕೂ ಅಲ್ಯುಮಿನಾ, ಸಿಲಿಕಾ ಲೇಪಿಸಿ ಅದರ ಬಾಯಿ ಕಟ್ಟಿದವು.

ಆ ಬಾಯಿಯನ್ನೇ ಬಳಸಿಕೊಂಡವನು ಅಕಿರಾ ಫುಜಿಶಿಮಾ. 1967ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಕೆನಿಚಿ ಹೋಂಡಾ ಅವರ ಕೈಕೆಳಗಿನ ವಿದ್ಯಾರ್ಥಿ, ವಯಸ್ಸು ಇಪ್ಪತ್ತೈದರ ಆಸುಪಾಸು. ನೀರಿನಲ್ಲಿ ಅದೇ ಟೈಟೇನಿಯಂ ಡೈಆಕ್ಸೈಡಿನ ಹರಳು, ಇನ್ನೊಂದು ಕಡೆ ಪ್ಲಾಟಿನಂ. ಹರಳಿನ ಮೇಲೆ ಝೆನಾನ್ ದೀಪದ ಬೆಳಕು ಬಿಟ್ಟರೆ ಗುಳ್ಳೆಗಳು! ಹರಳಿನ ಬದಿ ಆಮ್ಲಜನಕ, ಪ್ಲಾಟಿನಂ ಬದಿ ಜಲಜನಕ. ಬೆಳಕು ಹರಳಿನೊಳಗಿನ ಒಂದು ಎಲೆಕ್ಟ್ರಾನನ್ನು ಎಬ್ಬಿಸುತ್ತದೆ. ಎದ್ದ ಎಲೆಕ್ಟ್ರಾನು ಹೋಗಿ ಜಲಜನಕ ಮಾಡುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗ ನೀರಿನಿಂದಲೇ ಎಲೆಕ್ಟ್ರಾನು ಕಿತ್ತುಕೊಂಡು ಆಮ್ಲಜನಕ ಬಿಡಿಸುತ್ತದೆ. ನಮ್ಮ ಡಬಲ್ ಎಂಟ್ರಿಯ ಹಾಗೆಯೇ, ಒಂದು ಕಡೆ ಜಮಾ ಆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು.

1972ರ ಜುಲೈಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಎರಡು ಪುಟದ ಲೇಖನ ಬಂತು. ಮರುವರ್ಷವೇ ಪೆಟ್ರೋಲ್ ಬಿಕ್ಕಟ್ಟು. 1974ರ ಹೊಸ ವರ್ಷದ ದಿನ 'ಅಸಾಹಿ' ಪತ್ರಿಕೆಯ ಮುಖಪುಟದಲ್ಲಿ ಇದೇ ಸುದ್ದಿ. ಆಮೇಲೆ ಫುಜಿಶಿಮಾ ಒಂದು ಚದರ ಮೀಟರು ತಗಡು ಬಿಸಿಲಿಗಿಟ್ಟು ನೋಡಿದ. ಬೇಸಿಗೆಯ ಒಂದು ದಿನಕ್ಕೆ 7 ಲೀಟರ್ ಜಲಜನಕ ಸಿಕ್ಕಿತು. ಬಿಸಿಲಿನ ಶಕ್ತಿಯಲ್ಲಿ ಕೈಗೆ ಬಂದದ್ದು ಶೇಕಡಾ 0.3.

7 ಲೀಟರ್ ಎಂದರೆ ಏನೋ ದೊಡ್ಡದು ಎನ್ನಿಸುತ್ತದೆ. ನಾನು ಕ್ಯಾಲ್ಕುಲೇಟರ್ ಹಿಡಿದೆ. ಲೀಟರಿನ ಮಾತು ಇಲ್ಲಿ ಮೋಸ, ಗ್ಯಾಸು ಹಗುರ. ತೂಕ ಹಾಕಿದರೆ ಅರ್ಧ ಗ್ರಾಮಿಗಿಂತ ಸ್ವಲ್ಪ ಹೆಚ್ಚು. ಮನೆಯ 14.2 ಕಿಲೋ ಸಿಲಿಂಡರಿನಷ್ಟು ಶಕ್ತಿ ಆ ಒಂದು ತಗಡಿನಿಂದ ಕೂಡಬೇಕೆಂದರೆ ಸುಮಾರು ಇಪ್ಪತ್ತೆರಡು ವರ್ಷ! ಕಾರಣವೂ ಸರಳ. ಆ ಬಿಳಿ ಪುಡಿ ಹಿಡಿಯುವುದು ನೇರಳಾತೀತ ಕಿರಣ ಮಾತ್ರ, ಬಿಸಿಲಿನಲ್ಲಿ ಅದರ ಪಾಲು ನೂರಕ್ಕೆ ನಾಲ್ಕೈದು. ಕಣ್ಣಿಗೆ ಕಾಣುವ ಬೆಳಕೆಲ್ಲ ಹಾಗೇ ವಾಪಸು ಹೋಗುತ್ತದೆ, ಅದಕ್ಕೇ ಅದು ಬಿಳಿ. ಆದ್ದರಿಂದ ಮುಂದಿನ ಹುಡುಕಾಟವೆಲ್ಲ ಬಣ್ಣವಿರುವ ವಸ್ತುಗಳಿಗಾಗಿ ನಡೆಯಿತು. ಬಿಳಿ ಪುಡಿಯೇನೂ ಹಾಳಾಗಲಿಲ್ಲ. 1990ರ ದಶಕದಲ್ಲಿ ತನ್ನಷ್ಟಕ್ಕೆ ಸ್ವಚ್ಛವಾಗುವ ಟೈಲ್ಸ್ ಆಗಿ ಜಪಾನಿನ ಬಚ್ಚಲುಮನೆ ಸೇರಿತು.

ಇಲ್ಲಿ ನಮ್ಮವರು ಬರುತ್ತಾರೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಸಿ.ಎನ್.ಆರ್. ರಾವ್. ಅವರಿಗೆ ಭಾರತರತ್ನ ಘೋಷಣೆಯಾದ 2013ರಲ್ಲೇ ಅವರ ತಂಡದ ಒಂದು ಪ್ರಬಂಧ ಬಂದಿತ್ತು. ವಸ್ತು ಮಾಲಿಬ್ಡಿನಂ ಸಲ್ಫೈಡ್, ಗ್ಯಾರೇಜಿನವರು ಗ್ರೀಸಿನಲ್ಲಿ ಬಳಸುವ ಕಪ್ಪು ಪುಡಿ. ಅದನ್ನು ಒಂದೇ ಪದರದಷ್ಟು ತೆಳುವಾಗಿ ಬಿಡಿಸಿ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಜಲಜನಕ ತೆಗೆದರು. ಬೆಳಕು ಹಿಡಿದುಕೊಡಲು ಅವರು ಹಾಕಿದ್ದು ಏನು ಗೊತ್ತೇ? ಇಯೊಸಿನ್ ಎಂಬ ಕೆಂಪು ಬಣ್ಣ. ಕೆಂಪು ಶಾಯಿಯ ಬಣ್ಣ ಸ್ವಾಮೀ! ನಾನು ಸೇರಿದ ಕಾಲಕ್ಕೆ ಲೆಡ್ಜರ್ ಚೆಕ್ ಮಾಡಲು ಆಫೀಸರುಗಳಿಗೆ ಕೆಂಪು ಶಾಯಿಯೇ ಬೇಕಿತ್ತು. ಕಿಟಕಿ ಪಕ್ಕ ಬಿದ್ದಿರುತ್ತಿದ್ದ ಹಳೇ ಲೆಡ್ಜರುಗಳಲ್ಲಿ ಆ ಟಿಕ್ಕುಗಳೇ ಮೊದಲು ಮಾಸುತ್ತಿದ್ದವು. ಬೆಳಕನ್ನು ಅಷ್ಟು ಆಸೆಯಿಂದ ಹೀರುವ ಬಣ್ಣ ಬೆಳಕಿನಿಂದಲೇ ಸಾಯುತ್ತದೆ. ಪ್ರಯೋಗಶಾಲೆಯಲ್ಲೂ ಅದರ ಪಾಡು ಅದೇ.

ನನ್ನ ಪೆನ್ಸಿಲ್ ನಿಂತದ್ದು ಪಟ್ಟಿಯ ಇನ್ನೊಂದು ಹೆಸರಿನ ಮೇಲೆ. ಟ್ರೈಎಥನಾಲಮೀನ್. ಅದಕ್ಕೆ 'ಸ್ಯಾಕ್ರಿಫಿಶಿಯಲ್' ಎನ್ನುತ್ತಾರೆ, ಬಲಿ ಕೊಡುವ ವಸ್ತು. ಎಲೆಕ್ಟ್ರಾನು ಎದ್ದುಹೋದ ಖಾಲಿ ಜಾಗವನ್ನು ನೀರು ತುಂಬುವುದಿಲ್ಲ, ಇದು ತುಂಬುತ್ತದೆ, ತುಂಬಿ ತಾನು ಹಾಳಾಗುತ್ತದೆ. ಅಂದರೆ ಜಲಜನಕದ ಬದಿ ಮಾತ್ರ ನಡೆಯಿತು, ಆಮ್ಲಜನಕದ ಬದಿ ನಡೆಯಲೇ ಇಲ್ಲ. ಟ್ಯಾಲಿ ಆಗದ ಮೊತ್ತವನ್ನು ನಾವು ಸಸ್ಪೆನ್ಸ್ ಅಕೌಂಟಿಗೆ ಹಾಕಿ ಮನೆಗೆ ಹೋಗುತ್ತೇವಲ್ಲ, ಹಾಗೆ! ಈ ವಸ್ತು ಬರುವುದಾದರೂ ಎಲ್ಲಿಂದ? ಅಮೋನಿಯಾ ಮತ್ತು ಎಥಿಲೀನ್ ಆಕ್ಸೈಡಿನಿಂದ, ಅಂದರೆ ತಿರುಗಿ ಪೆಟ್ರೋಲಿಯಂ ಮನೆಯಿಂದಲೇ. ವಿಜ್ಞಾನಿಗಳು ಇದನ್ನು ಮುಚ್ಚಿಟ್ಟಿಲ್ಲ, ಪ್ರಬಂಧಗಳಲ್ಲಿ ಸ್ಪಷ್ಟವಾಗಿ ಬರೆಯುತ್ತಾರೆ. ಅರ್ಧ ಕೆಲಸವನ್ನು ಬೇರೆಯಾಗಿ ಅರ್ಥ ಮಾಡಿಕೊಳ್ಳಲು ಇರುವ ದಾರಿ ಅದು. ಹೆಡ್‌ಲೈನ್ ಹಾಕುವವರು ಮಾತ್ರ ಆ ಸಾಲನ್ನು ಓದುವುದಿಲ್ಲ.

ಎರಡೂ ಬದಿ ಟ್ಯಾಲಿ ಮಾಡಿದವರು ಇಲ್ಲವೆಂದಲ್ಲ. ಜಪಾನಿನ ಕಝುನಾರಿ ಡೊಮೆನ್ ತಂಡ 2021ರಲ್ಲಿ 100 ಚದರ ಮೀಟರಿನ ಹಾಸನ್ನು ತಿಂಗಳುಗಟ್ಟಲೆ ಬಯಲಿನಲ್ಲಿಟ್ಟು ಬರೀ ನೀರನ್ನೇ ಒಡೆಯಿತು. ಬಲಿ ಇಲ್ಲ. ಆದರೆ ಪ್ರಮಾಣ ಶೇಕಡಾ 0.76. ಮೇಲಾಗಿ ಎರಡೂ ಅನಿಲ ಕೂಡಿಯೇ ಹೊರಬರುತ್ತವೆ, ಒಂದು ಕಿಡಿ ಸಾಕು. ಬೇಕೆಂದೇ ಕಿಡಿ ಹಚ್ಚಿ ನೋಡಿ, ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಂಡರಂತೆ. ಎಂಐಡಿಸಿಯಲ್ಲಿ ಕೂತು ಈ ವಾಕ್ಯ ಓದಿದಾಗ ಹೊಟ್ಟೆಯಲ್ಲಿ ಏನೋ ಆಯಿತು. ನಮ್ಮ ಸರಕಾರ 2023ರ ಜನವರಿಯಲ್ಲಿ ಒಪ್ಪಿದ 19,744 ಕೋಟಿಯ ಹಸಿರು ಜಲಜನಕ ಮಿಷನ್ ಕೂಡ ಮುಖ್ಯವಾಗಿ ನಂಬಿರುವುದು ಕರೆಂಟಿನಿಂದ ನೀರು ಒಡೆಯುವ ಹಳೇ ದಾರಿಯನ್ನೇ.

ಇಷ್ಟೂ ಬರೆದಿಟ್ಟುಕೊಂಡು ಹುಡುಗನನ್ನು ಕರೆದೆ. 0.3ರಿಂದ 0.76ಕ್ಕೆ ಬರಲು ಹೆಚ್ಚುಕಡಿಮೆ ಐವತ್ತು ವರ್ಷ, ಯಾವ ಬ್ಯಾಂಕೂ ಇಂಥ ಫೈಲು ಪಾಸು ಮಾಡುವುದಿಲ್ಲ ಎಂದೆ. ಸಸ್ಪೆನ್ಸ್ ಅಕೌಂಟಿನ ಮಾತನ್ನೂ ಹೇಳಿದೆ. ಅವನು ನಗಲಿಲ್ಲ. "ದೊಡ್ಡಪ್ಪಾ, ಎಲ್ಲರೂ ಜಲಜನಕದ ಕಡೆನೇ ನೋಡ್ತಾರೆ. ಕಷ್ಟ ಇರೋದು ಆಮ್ಲಜನಕದ ಕಡೆ. ನಾನು ಹೋಗ್ತಿರೋದು ಅದಕ್ಕೇ" ಎಂದ.

ಮುಂದೆ ನನಗೆ ಮಾತು ಹೊಳೆಯಲಿಲ್ಲ. ಹೋದ ವರ್ಷ ಬೆಂಗಳೂರಿಗೆ ಹೋದ. ಇಎಂಐ ಅನ್ನು ನಾನೂ ತಮ್ಮನೂ ಹಂಚಿಕೊಂಡಿದ್ದೇವೆ. (ನನ್ನ ಪಾಲು ಎಷ್ಟೆಂದು ಮನೆಯಲ್ಲಿ ಗೊತ್ತಿಲ್ಲ, ಅವಳು ಬ್ಲಾಗ್ ಓದುವುದಿಲ್ಲ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.) ಮೊನ್ನೆ ಫೋನ್ ಮಾಡಿದ್ದ. ಲ್ಯಾಬಿನ ಝೆನಾನ್ ದೀಪ ಕೆಟ್ಟಿದೆಯಂತೆ, ಹೊಸದಕ್ಕೆ ಮೂರು ಕೊಟೇಶನ್ ತರಿಸಿ ತುಲನಾ ಪಟ್ಟಿ ಮಾಡಬೇಕಂತೆ, ಹೇಗೆ ಮಾಡುವುದು ಎಂದು ಕೇಳಿದ. ಅರ್ಧ ಗಂಟೆ ಕೂತು ಹೇಳಿಕೊಟ್ಟೆ.