ಬೌದ್ಧಶಿಲ್ಪದಲ್ಲಿ ಕಲ್ಪವೃಕ್ಷ

ಕಲ್ಪತರು, ಕಾಮಧೇನು, ಪರುಷ ಎಂಬ ಮಾತುಗಳು ವಚನಸಾಹಿತ್ಯದ ವಾಚಕರಿಗೆ ಚಿರಪರಿಚಿತ. ಬೇಡಿದ್ದನ್ನು ಕೊಡುವ ಈ ಮರವನ್ನು, ತೃಷ್ಣೆಯೇ ದುಃಖದ ಮೂಲವೆಂದು ಸಾರಿದ ಬೌದ್ಧಧರ್ಮವೂ ತನ್ನ ಶಿಲ್ಪಗಳಲ್ಲಿ ಕಂಡರಿಸಿದುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರುತ್ತದೆ. ಈ ತೊಡಕಿನಿಂದ ಪಾರಾಗಲು ಕಲ್ಪವೃಕ್ಷವೆಂದರೆ ಬೋಧಿವೃಕ್ಷವೇ ಎಂದು ಎರಡನ್ನೂ ಒಂದುಗೂಡಿಸಿಬಿಡುವುದುಂಟು. ಶಿಲ್ಪಗಳ ಸಾಕ್ಷ್ಯ ಈ ಮಾತಿಗೆ ಒಪ್ಪುವುದಿಲ್ಲ.

ಮಧ್ಯಪ್ರದೇಶದ ಭಾರ್ಹುತದ ಸ್ತೂಪವನ್ನು 1873ರಲ್ಲಿ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮನು ಗುರುತಿಸಿದನು. ಕ್ರಿ. ಪೂ. 2ನೆಯ ಶತಮಾನದ ಸುಮಾರಿನ ಅದರ ಕಲ್ಲಿನ ಕಟಾಂಜನದ ಅವಶೇಷಗಳಲ್ಲಿ ಹೆಚ್ಚಿನವು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿವೆ. ಕಟಾಂಜನದ ಮೇಲಣ ಉಷ್ಣೀಷದ ಉದ್ದಕ್ಕೂ ಒಂದು ಬಳ್ಳಿ ಅಲೆಯಲೆಯಾಗಿ ಹರಿದಿದೆ. ಅದರ ಬಾಗುಗಳಲ್ಲಿ ಒಂದೆಡೆ ಜಾತಕಕಥೆಯಾದರೆ ಮತ್ತೊಂದೆಡೆ ಹಲಸಿನ ಹಣ್ಣು, ಹಾರ, ಓಲೆ, ವಸ್ತ್ರ. ಗೆಣ್ಣಿನಿಂದ ಹೂ ಹೊರಟಂತೆ ಇವೆಲ್ಲವೂ ಬಳ್ಳಿಯಿಂದಲೇ ಹೊರಟಿವೆ. ಇದು ಕಲ್ಪಲತೆ.

ಅದೇ ಕಟಾಂಜನದಲ್ಲಿ ಬೋಧಿವೃಕ್ಷಗಳೂ ಇವೆ. ವಿಪಶ್ಯಿಗೆ ಪಾಟಲಿ, ಕಾಶ್ಯಪನಿಗೆ ಆಲ, ಶಾಕ್ಯಮುನಿಗೆ ಅರಳಿ, ಹೀಗೆ ಬುದ್ಧರ ಮರಗಳನ್ನು ಕೆತ್ತಿ, ಇಂಥವನ ಬೋಧಿಯೆಂದು ಬ್ರಾಹ್ಮೀ ಲಿಪಿಯಲ್ಲಿ ಬರೆದಿದ್ದಾರೆ. ಅಡಿಯಲ್ಲಿ ಬರಿದಾದ ಆಸನ, ಅದರ ಬಳಿ ವಂದಿಸುವ ಭಕ್ತರು. ಕೊಂಬೆಗಳಲ್ಲಿ ಮಾಲೆಗಳೇನೋ ಉಂಟು. ಆದರೆ ಅವು ಅರ್ಪಿತವಾದ ಮಾಲೆಗಳು. ಬೋಧಿಗೆ ಮನುಷ್ಯನು ಕೊಡುತ್ತಾನೆ. ಕಲ್ಪವೃಕ್ಷವು ಮನುಷ್ಯನಿಗೆ ಕೊಡುತ್ತದೆ. ಮರದ ಜಾತಿಯಿಂದಲೇ ನಿರ್ಣಯಿಸಹೊರಟರೆ ಮೋಸಹೋಗಬೇಕಾದೀತು. ಕಾಶ್ಯಪನ ಬೋಧಿ ಆಲವಾದಂತೆ, ವಿದಿಶೆಯ ಬಳಿಯ ಬೆಸನಗರದಲ್ಲಿ ದೊರೆತ ಸ್ತಂಭಶಿಖರದ ಕಲ್ಪದ್ರುಮವೂ ಆಲವೇ! ಅದರ ಬಿಳಲುಗಳ ನಡುವೆ ಚೀಲಗಳು, ನಾಣ್ಯ ತುಂಬಿದ ಕೊಡ, ಶಂಖ, ಪದ್ಮಗಳಿವೆ. ಶಂಖ ಪದ್ಮಗಳು ಕುಬೇರನ ನಿಧಿಗಳು. ಯಕ್ಷಾರಾಧನೆಯ ಈ ಹಳೆಯ ಮರವನ್ನು ಬೌದ್ಧರು ಕಡಿಯಲಿಲ್ಲ. ತಮ್ಮ ಅಂಗಳದ ಬೇಲಿಗೆ ಹಬ್ಬಿಸಿಕೊಂಡರು.

ಜಾವಾದ್ವೀಪದಲ್ಲಿ ಈ ಮರ ಮತ್ತಷ್ಟು ಸಿರಿವಂತವಾಗಿದೆ. 9ನೆಯ ಶತಮಾನದ ಪಾವೋನ್ ಗುಡಿಯ ಹೊರಗೋಡೆಯಲ್ಲಿ ಕಲ್ಪತರುವಿನ ಬುಡಕ್ಕೆ ನಿಧಿಕುಂಭಗಳು, ಇಕ್ಕೆಲಗಳಲ್ಲಿ ಕಿನ್ನರ ಕಿನ್ನರಿಯರು. ನೆರೆಯ ಮೆಂದುತ್ ಗುಡಿಯ ಪ್ರವೇಶಮಂಟಪದಲ್ಲಿ ಮಕ್ಕಳು ಸುತ್ತುವರಿದ ಹಾರೀತಿ, ಎದುರಿಗೆ ಯಕ್ಷರಾಜ. ಗರ್ಭಗೃಹದಲ್ಲಿ ಮಾತ್ರ ಬುದ್ಧ, ಅವಲೋಕಿತೇಶ್ವರ, ವಜ್ರಪಾಣಿಯರ ಪ್ರಶಾಂತ ಮೂರ್ತಿಗಳು. ಸಿರಿಯು ಹೊರಗೋಡೆಯಲ್ಲಿ, ಬಾಗಿಲಲ್ಲಿ ನಿಂತಿದೆ; ಒಳಹೊಕ್ಕಿಲ್ಲ. ಭಾರ್ಹುತದಲ್ಲಿಯೂ ಕಲ್ಪಲತೆಗೆ ದೊರೆತ ಎಡೆ ಸ್ತೂಪವನ್ನು ಸುತ್ತುವರಿದ ಕಟಾಂಜನವೇ.

ಆ ಬಳ್ಳಿಯ ಹಾರ ವಸ್ತ್ರಗಳನ್ನು ಬೇಡಿಕೆಯ ಫಲವೆನ್ನುವುದಕ್ಕಿಂತ ದಾನದ ಫಲವೆಂದು ತಿಳಿಯುವುದು ಯುಕ್ತ. ಅದು ಹಬ್ಬಿರುವ ಕಟಾಂಜನದ ಕಂಬ ಅಡ್ಡಪಟ್ಟಿಗಳ ಮೇಲೆ ಭಿಕ್ಷುಗಳ, ಭಿಕ್ಷುಣಿಯರ, ಗೃಹಸ್ಥರ ಹೆಸರುಗಳೊಡನೆ ‘ದಾನಂ’ ಎಂಬ ಪದವು ಮತ್ತೆ ಮತ್ತೆ ಕೊರೆಯಲ್ಪಟ್ಟಿದೆ.