ಬರದ ಅಳತೆ: ಮಳೆಯೊಂದೇ ಸಾಲದು

ವಾಡಿಕೆಗಿಂತ ಶೇ. 20ರಿಂದ 59ರಷ್ಟು ಕಡಿಮೆ ಮಳೆಯಾದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ‘ಕೊರತೆ’ ಎಂದೂ, ಶೇ. 60 ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಾದರೆ ‘ತೀವ್ರ ಕೊರತೆ’ ಎಂದೂ ವರ್ಗೀಕರಿಸುತ್ತದೆ. ಆದರೆ ಶೇ. 40ರ ಕೊರತೆಗೆ ಆಗುಂಬೆಯಲ್ಲಿರುವ ಅರ್ಥ ಬೇರೆ, ಚಳ್ಳಕೆರೆಯಲ್ಲಿರುವ ಅರ್ಥ ಬೇರೆ.

ಈ ತೊಡಕಿಗೆ ಉತ್ತರವಾಗಿ 1993ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಥಾಮಸ್ ಮೆಕ್ಕೀ ಮತ್ತು ಸಂಗಡಿಗರು ‘ಎಸ್‌ಪಿಐ’ ಎಂಬ ಪ್ರಮಾಣಿತ ಮಳೆ ಸೂಚ್ಯಂಕವನ್ನು ರೂಪಿಸಿದರು. ಇದು ಆಯಾ ಸ್ಥಳದ ಮಳೆಯನ್ನು ಅಲ್ಲಿನದೇ ಹಲವು ದಶಕಗಳ ದಾಖಲೆಯೊಡನೆ ಹೋಲಿಸುತ್ತದೆ. ಸೂಚ್ಯಂಕವು ಮೈನಸ್ 1ಕ್ಕೆ ಇಳಿದರೆ ಸಾಧಾರಣ, ಮೈನಸ್ 1.5ಕ್ಕೆ ಇಳಿದರೆ ತೀವ್ರ, ಮೈನಸ್ 2ಕ್ಕೆ ಇಳಿದರೆ ಅತಿ ತೀವ್ರ ಬರ.

ಆದರೂ ಇದರಲ್ಲಿ ಬಿಸಿಲಿನ ಲೆಕ್ಕವಿಲ್ಲ. ಮಳೆ ಅಷ್ಟೇ ಬಿದ್ದರೂ ತಾಪಮಾನ ಏರಿದ ವರ್ಷ ನೆಲ ಬೇಗ ಒಣಗುತ್ತದೆ. 2010ರಲ್ಲಿ ಸ್ಪೇನ್‌ನ ವಿಜ್ಞಾನಿಗಳು ಪ್ರಕಟಿಸಿದ ‘ಎಸ್‌ಪಿಇಐ’ ಸೂಚ್ಯಂಕವು ಬಿದ್ದ ಮಳೆಯಿಂದ, ಆವಿಯಾಗಿ ಹೋಗಬಲ್ಲ ನೀರಿನ ಅಂದಾಜನ್ನು ಕಳೆದು ಜಮಾ-ಖರ್ಚು ತೋರಿಸುತ್ತದೆ.

ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿಯಲ್ಲಿ ಮಳೆಯೇ ಮೊದಲ ಮಾನದಂಡ. ಬಿಸಿಲಿನ ಪರಿಣಾಮವು ಮಣ್ಣಿನ ತೇವಾಂಶ ಹಾಗೂ ಬೆಳೆಯ ಸ್ಥಿತಿಯ ಮೂಲಕ ಪರೋಕ್ಷವಾಗಿ ಗಣನೆಗೆ ಬರುತ್ತದೆ. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಬೆಳೆ ಪರಿಹಾರ ಈ ಘೋಷಣೆಯನ್ನೇ ಅವಲಂಬಿಸಿರುವುದರಿಂದ ಅಳತೆಗೋಲಿನ ಆಯ್ಕೆ ರೈತನಿಗೆ ಬದುಕಿನ ಪ್ರಶ್ನೆ.