ಬ್ರೆಡ್ ಯಂತ್ರ

ಬ್ರೆಡ್ ಯಂತ್ರವು ಹಿಟ್ಟನ್ನು ನಾದುವುದು, ಹುದುಗಿಸುವುದು ಹಾಗೂ ಬೇಯಿಸುವುದು ಈ ಮೂರೂ ಕೆಲಸಗಳನ್ನು ಒಂದೇ ಪಾತ್ರೆಯಲ್ಲಿ ಪೂರೈಸುವ ವಿದ್ಯುತ್ ಗೃಹೋಪಕರಣ. ಜಪಾನಿನ ಮತ್ಸುಶಿತಾ ಸಂಸ್ಥೆಯು (ಈಗಿನ ಪ್ಯಾನಸಾನಿಕ್) 1987ರಲ್ಲಿ ಇಂತಹ ಯಂತ್ರವನ್ನು ಮನೆಬಳಕೆಗಾಗಿ ಮಾರುಕಟ್ಟೆಗೆ ತಂದಿತು.

ಬಳಕೆ

ಸಾಮಾನ್ಯವಾಗಿ ಮೊದಲು ನೀರು, ಅನಂತರ ಉಪ್ಪು, ಸಕ್ಕರೆ ಮತ್ತು ಹಿಟ್ಟು, ಕೊನೆಯಲ್ಲಿ ಒಣ ಯೀಸ್ಟ್ ಹಾಕಲಾಗುತ್ತದೆ. ಕೆಲವು ಮಾದರಿಗಳಲ್ಲಿ ಈ ಕ್ರಮ ವ್ಯತಿರಿಕ್ತವಾಗಿರುತ್ತದೆ. ನಾದುವಿಕೆ ಆರಂಭವಾಗುವವರೆಗೆ ಯೀಸ್ಟ್ ನೀರಿಗೆ ಸೋಕದಂತೆ ನೋಡಿಕೊಳ್ಳುವುದೇ ಎರಡರ ಉದ್ದೇಶ. ರಾತ್ರಿ ಸಾಮಗ್ರಿ ತುಂಬಿ, ಬೆಳಗ್ಗೆ ಬೇಯುವಂತೆ ಸಮಯ ನಿಗದಿಪಡಿಸುವಾಗ ಹಾಲು, ಮೊಟ್ಟೆಗಳನ್ನು ಬಳಸಬಾರದು. ಸೆಕೆಗೆ ಅವು ಕೆಡುತ್ತವೆ.

ಶೇಖರಣೆ

ಮನೆಯಲ್ಲಿ ಮಾಡಿದ ಬ್ರೆಡ್ಡಿನಲ್ಲಿ ಸಾಮಾನ್ಯವಾಗಿ ಸಂರಕ್ಷಕಗಳಿರುವುದಿಲ್ಲ. ಮಂಗಳೂರಿನ ತೊಕ್ಕೊಟ್ಟಿನಂತಹ ಕರಾವಳಿ ಪ್ರದೇಶದ ತೇವಭರಿತ ಹವೆಯಲ್ಲಿ, ವಿಶೇಷವಾಗಿ ಮಳೆಗಾಲದಲ್ಲಿ, ಅದಕ್ಕೆ ಬೇಗನೆ ಬೂಷ್ಟು ಹಿಡಿಯುತ್ತದೆ. ಬಿಸಿಯಿರುವಾಗಲೇ ಡಬ್ಬಿಯಲ್ಲಿಟ್ಟರೆ ಹಬೆಯು ನೀರಾಗಿ ಬೂಷ್ಟಿಗೆ ಅನುಕೂಲವಾಗುವುದರಿಂದ, ಜಾಲರಿಯ ಮೇಲಿಟ್ಟು ಪೂರ್ಣವಾಗಿ ಆರಿಸಬೇಕು. ಫ್ರಿಜ್‌ನಲ್ಲಿ ಬೂಷ್ಟು ನಿಧಾನವಾದರೂ, ಪಿಷ್ಟವು ಮರಳಿ ಹರಳುಗಟ್ಟಿ ಬ್ರೆಡ್ ಬೇಗ ಗಡುಸಾಗುತ್ತದೆ. ಆದ್ದರಿಂದ ಒಂದೆರಡು ದಿನಗಳಲ್ಲಿ ಮುಗಿಯದ ಬ್ರೆಡ್ಡನ್ನು ಹೋಳುಗಳಾಗಿ ಕತ್ತರಿಸಿ, ಗಾಳಿಯಾಡದ ಚೀಲದಲ್ಲಿ −18 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಫ್ರೀಜರಿನಲ್ಲಿಡುವುದು ಸೂಕ್ತ. ಬೇಕಾದಷ್ಟು ಹೋಳುಗಳನ್ನು ತೆಗೆದು ನೇರವಾಗಿ ಟೋಸ್ಟ್ ಮಾಡಬಹುದು.

ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಗೂ ಹರಡಿರಬಹುದು. ಕೆಲವು ಬೂಷ್ಟುಗಳ ವಿಷವು ಕಾಯಿಸಿದರೂ ನಾಶವಾಗದು. ಹಾಗಾಗಿ ಕಲೆಯಿರುವ ಭಾಗವನ್ನಷ್ಟೇ ತೆಗೆದು ಉಳಿದುದನ್ನು ತಿನ್ನುವುದು ಸುರಕ್ಷಿತವಲ್ಲ.